ಮಗು ತೊಡೆ ತಟ್ಟಲಿ

‘ಮೇಡಂ, ಪಾಠ ರೆಕಾರ್ಡ್ ಮಾಡಿ ಕಳಿಸ್ತೀರಾ?’ ಸಂಗೀತಕ್ಕೆ ಮಕ್ಕಳನ್ನು ಸೇರಿಸಲು ಬರುವವರು ಈಗೀಗ ಮೊದಲು ಕೇಳುವುದೇ ಇದನ್ನು. ಕಳಿಸುತ್ತೇನೆ. ಆದರೆ ಕಿವಿಯೊಂದೇ ಸಾಲದು. ಆದಿತಾಳದ ಎಂಟು ಅಕ್ಷರ ಕೈಗೆ ಹತ್ತಬೇಕು: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಸರಳೆ ವರಸೆ ಮೂರನೇ ಕಾಲಕ್ಕೆ ಏರಿದಾಗ ಸ್ವರ ಜಾರಿದ ಮಗುವನ್ನು ಆ ಬೆರಳೇ ಎಳೆದು ತರುತ್ತದೆ.

ಕೈಗೆ ತನ್ನದೇ ಆದ ನೆನಪಿದೆ. 1953ರ ಮಿದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಹೊಸ ನೆನಪುಗಳು ನಿಲ್ಲುತ್ತಿರಲಿಲ್ಲ. ಆದರೂ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದರಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ತಿದ್ದಿದ್ದು ಮಾತ್ರ ಅವರಿಗೆ ಗೊತ್ತೇ ಇರಲಿಲ್ಲ. ಕೈಯ ಕಲಿಕೆಗೆ ಮಿದುಳಿನಲ್ಲಿ ಬೇರೆಯೇ ದಾರಿಯಿದೆ. ಹಾಗಾಗಿ ಮಗುವೇ ತೊಡೆ ತಟ್ಟಿ ಎಣಿಸಲಿ; ಅದರ ಬದಲು ಎಣಿಸುವ ತಾಳದ ಆ್ಯಪ್ ಮೊದಲ ವರ್ಷವಂತೂ ಬೇಡ.