ಎಣ್ಣೆಕಾಳಿಗೂ ಖರೀದಿ ಖಾತ್ರಿ ಬೇಕು

ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತಿದೆ. 2022ರಲ್ಲಿ ಉಕ್ರೇನ್‌ನಲ್ಲಿ ಯುದ್ಧ ಶುರುವಾಗಿ ಎಣ್ಣೆ ಆಮದಿಗೆ ಅಡ್ಡಿಯಾದಾಗ ರಬಕವಿ–ಬನಹಟ್ಟಿಯ ನೇಕಾರರ ಅಡುಗೆಮನೆಗೂ ಬೆಲೆಯೇರಿಕೆಯ ಬಿಸಿ ತಟ್ಟಿತು. ಕೃಷ್ಣಾ, ಘಟಪ್ರಭಾ ನೀರು ಹರಿದ ಜಮಖಂಡಿ, ಮುಧೋಳ, ಬೀಳಗಿಯ ಹೊಲಗಳಲ್ಲಿ ಕಬ್ಬು ಹಬ್ಬಿ, ಹಿಂಗಾರಿ ಜೋಳದ ಜೊತೆಗಿನ ಎಣ್ಣೆಕಾಳು ಕುಸುಬಿಯ ಸಾಲು ಅಪರೂಪವಾಗಿದೆ. ರೈತರನ್ನು ದೂರಿ ಫಲವಿಲ್ಲ. ಕಬ್ಬಿಗೆ ಕಾರ್ಖಾನೆಯಿದೆ, ಮುಳ್ಳಿನ ಕುಸುಬಿ ಕೊಯ್ಯಲು ಆಳು ಸಿಗುವುದೇ ಕಷ್ಟ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 10,103 ಕೋಟಿ ರೂಪಾಯಿಯ ಎಣ್ಣೆಕಾಳು ಅಭಿಯಾನಕ್ಕೆ ಒಪ್ಪಿಗೆ ನೀಡಿತು. ಮರುವರ್ಷ ಮೇನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿತು. ಹೀಗೆ ಆಮದು ಅಗ್ಗವಾದರೆ ಸ್ವಾವಲಂಬನೆ ಹೇಗೆ? ಸುಗ್ಗಿಗೆ ಮೊದಲೇ ತಾಲ್ಲೂಕಿಗೊಂದು ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆಯಲಿ, ಬಾಡಿಗೆಗೆ ಕೊಯ್ಲು ಯಂತ್ರ ಸಿಗಲಿ.

– ಓದುಗ, ಜಮಖಂಡಿ