'ಇಲ್ಲ'ದ ಕಡೆ ಬಿದ್ದವರು



ಕಂಪ್ಯೂಟರ್ ಪಾಠದ ಮೊದಲ ದಿನಗಳಲ್ಲಿ ನಮ್ಮ ಮಕ್ಕಳು ಕಲಿಯುವುದೇನು? ಮೂರು ಸಂಖ್ಯೆಗಳಲ್ಲಿ ದೊಡ್ಡದು ಯಾವುದು? ಫ್ಲೋಚಾರ್ಟ್ ಬರೆ. 'ಹೌದು' ಎಂದರೆ ಈ ಕಡೆ, 'ಇಲ್ಲ' ಎಂದರೆ ಆ ಕಡೆ. ಪಾಠ ಮುಗೀತು. ಆ ಷರತ್ತು ಬರೆದವರು ಯಾರು, 'ಇಲ್ಲ'ದ ಕಡೆ ಬಿದ್ದವರ ಗತಿ ಏನು? ಇದನ್ನು ಯಾರೂ ಕೇಳುವುದಿಲ್ಲ.

ಗೋಣಿಬೀಡಿನ ಸುತ್ತಿನ ಕಾಫಿ ತೋಟದ ಲೈನುಮನೆಯಿಂದ ಬರುವ ಮಗುವಿಗೆ ಅಲ್ಗಾರಿದಮ್ ಹೊಸದೇನಲ್ಲ. ಇಷ್ಟು ಹೊತ್ತಿಗೆ ಬಂದರೆ ಪೂರ್ತಿ ಹಾಜರಿ, ತಡವಾದರೆ ಅರ್ಧ. ಈ ಕೇರಿಯಲ್ಲಿ ಹುಟ್ಟಿದರೆ ಬಾವಿಗೆ ಬರಬೇಡ. ಅದು ಇನ್ನೂ ಹಳೆಯದು. ಚೆಕ್‌ರೋಲಿನಲ್ಲಿ ಹಾಜರಿ ತಪ್ಪಿದರೆ ಬಟವಾಡೆ ದಿನ ರೈಟರ ಜೊತೆ ಜಗಳಕ್ಕಾದರೂ ನಿಲ್ಲಬಹುದು. ಯಂತ್ರದ ಜೊತೆ ಯಾರು ಜಗಳ ಆಡ್ತಾರೆ? 'ಸಿಸ್ಟಮ್ ತಗೋತಿಲ್ಲಮ್ಮ, ನಾಳೆ ಬಾ.' ಅಲ್ಲಿಗೆ ಮುಗೀತು.

ಹೆಬ್ಬೆಟ್ಟು ಬಿಡಿ, ಸಹಿ ಕಲಿಯಿರಿ ಎಂದರು. ಈಗ ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನೇ ಕೇಳುತ್ತದೆ. ದುಡಿದು ಸವೆದ ಹೆಬ್ಬೆಟ್ಟನ್ನು ಮಾತ್ರ ಗುರುತು ಹಿಡಿಯಲಾರದು!

2017ರ ಜುಲೈನಲ್ಲಿ ಗೋಕರ್ಣದ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಸತ್ತರು. ಆಧಾರ್ ಜೋಡಣೆ ಆಗಿದೆಯೇ? ಇಲ್ಲ. ತಿಂಗಳುಗಟ್ಟಲೆ ರೇಷನ್ನೂ ಇಲ್ಲ. ಹಸಿವಿನ ಸಾವು ಎಂದಿತು ಪಿಯುಸಿಎಲ್. ಆಡಳಿತ ಒಪ್ಪಲಿಲ್ಲ. ತೆಲಂಗಾಣದಲ್ಲಿ 'ಸಮಗ್ರ ವೇದಿಕ' ಎಂಬ ವ್ಯವಸ್ಥೆ ರಿಕ್ಷಾ ತುಳಿಯುವವನನ್ನು ಕಾರಿನ ಒಡೆಯನೆಂದು ಎಣಿಸಿ, ಆ ಮನೆಯ ರೇಷನ್ ತಪ್ಪಿಸಿದ್ದು 2024ರ ಜನವರಿಯಲ್ಲಿ ಸುದ್ದಿಯಾಯಿತು. ರದ್ದಾದ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇನ್ನೊಂದು ಸುದ್ದಿ ನೋಡಿ. 2020ರ ಆಗಸ್ಟ್, ಇಂಗ್ಲೆಂಡ್. ಕೊರೊನಾದಿಂದ ಪರೀಕ್ಷೆ ನಡೆಯಲಿಲ್ಲ. ಶಾಲೆಯ ಹಿಂದಿನ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿದು ಅಲ್ಗಾರಿದಮ್ ಗ್ರೇಡು ಹಂಚಿತು. ಶಿಕ್ಷಕರು ಅಂದಾಜಿಸಿದ ಗ್ರೇಡುಗಳಲ್ಲಿ ಶೇ. 40ರಷ್ಟು ಕೆಳಗಿಳಿದವು. ವಿದ್ಯಾರ್ಥಿಗಳು ಬೀದಿಗಿಳಿದರು. ನಾಲ್ಕೇ ದಿನಕ್ಕೆ ಸರ್ಕಾರ ಬಗ್ಗಿತು. ಪ್ರಶ್ನೆ ಕಲಿತವರು ಒಟ್ಟಾದಲ್ಲಿ ಯಂತ್ರವೂ ತಲೆಬಾಗುತ್ತದೆ.

ಮೇಷ್ಟ್ರೇ, ಇಂಥ ಸುದ್ದಿಯನ್ನು ಕತ್ತರಿಸಿ ತರಗತಿಗೆ ತನ್ನಿ. ಲ್ಯಾಬು ಬೇಡ, ಕರೆಂಟು ಬೇಡ. ಬೋರ್ಡು, ಬಳಪ ಸಾಕು. ಒಂದು ಕಲ್ಪಿತ ಮನೆಯನ್ನು ರೇಷನ್ನಿನ ಫ್ಲೋಚಾರ್ಟಿನಲ್ಲಿ ನಡೆಸಿ. ಮಕ್ಕಳ ಸ್ವಂತ ಮನೆಯ ಬಡತನವನ್ನು ಬೋರ್ಡಿಗೆ ಎಳೆಯಬೇಡಿ. ಆ ಅವಮಾನ ಅವರಿಗೆ ಸಾಕಷ್ಟು ಆಗಿದೆ. ಆಮೇಲೆ ಮೂರು ಪ್ರಶ್ನೆ ಕೇಳಿ: ಷರತ್ತು ಯಾರದು? ಲೆಕ್ಕಕ್ಕೆ ಹಿಡಿದ ಮಾಹಿತಿ ನಿಜವೇ? ತಪ್ಪಾದರೆ ಯಾರ ಬಾಗಿಲು ತಟ್ಟಬೇಕು?

'ಮೊದಲು ಬೇಸಿಕ್ ಕಲೀಲಿ, ರಾಜಕೀಯ ಯಾಕ್ರೀ?' ಎನ್ನುವವರಿದ್ದಾರೆ. ಸ್ವಾಮಿ, ಹಸಿದವನ ಅಕ್ಕಿಯನ್ನು ತಡೆಯುವುದೂ ಅದೇ ಬೇಸಿಕ್ಕು, ಒಂದು 'ಇಲ್ಲ'. ಅದನ್ನು ಬರೆಯಲು ಮಾತ್ರ ಕಲಿಸಿ ಪ್ರಶ್ನಿಸಲು ಕಲಿಸದಿರುವುದೇ ರಾಜಕೀಯ. ನಾಳೆ ನಮ್ಮ ಮಕ್ಕಳೇ ಆ ಷರತ್ತು ಬರೆಯುವ ಕುರ್ಚಿಯಲ್ಲಿ ಕೂರಬೇಕು. ಕೂತಾಗ 'ಇಲ್ಲ'ದ ಕಡೆ ನಿಂತ ಅವ್ವನ ಮುಖ ಅವರಿಗೆ ನೆನಪಿರಬೇಕು.