ದಾದಿಯ ಅನುಭವಕ್ಕೆ ಬೆಲೆಯೇ ಇಲ್ಲವೇ?

ವೈದ್ಯಕೀಯ ಶಿಕ್ಷಣವು ಹದಿನೆಂಟರ ಹರೆಯದವರಿಗೆ ಮಾತ್ರ ಮೀಸಲು ಎಂಬ ಭಾವನೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಎಂಟು-ಹತ್ತು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದ ಓರ್ವ ದಾದಿ ತಾನು ಎಂಬಿಬಿಎಸ್ ಓದುತ್ತೇನೆ ಎಂದರೆ ಮನೆಮಂದಿ ನಗುತ್ತಾರೆ, ನೆರೆಕರೆಯವರು ಅವಳ ವಯಸ್ಸನ್ನು ಲೆಕ್ಕ ಹಾಕುತ್ತಾರೆ. ಆದರೆ ರೋಗಿಯ ಹಾಸಿಗೆಯ ಬಳಿ ಕಳೆದ ಅಷ್ಟೂ ವರ್ಷಗಳನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಸರಕಾರವಂತೂ ಹಾಕುವುದೇ ಇಲ್ಲ.

ಕಾನೂನಿನ ತೊಡಕು ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ. 2018ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯು ನೀಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 25, ಮೀಸಲಾತಿಯುಳ್ಳವರಿಗೆ 30 ವರ್ಷಗಳ ಗರಿಷ್ಠ ವಯೋಮಿತಿಯನ್ನು ಹೇರಿತ್ತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೊನೆಗೆ 2022ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಆ ಮಿತಿಯನ್ನು ತೆಗೆದುಹಾಕಿರುವುದಾಗಿ ಪ್ರಕಟಿಸಿತು. ಪಿಯುಸಿಯಲ್ಲಿ ವಿಜ್ಞಾನ ಓದದೆ ಜನರಲ್ ನರ್ಸಿಂಗ್ ಸೇರಿದವರಿಗೂ ದಾರಿಯಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಹೆಚ್ಚುವರಿ ವಿಷಯಗಳಾಗಿ ಬರೆದು ತೇರ್ಗಡೆಯಾದರೂ ಅರ್ಹತೆ ಸಿಗುತ್ತದೆಂದು ಆಯೋಗವು 2023ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಆದರೆ ಬಾಗಿಲಿನ ಬೀಗ ತೆಗೆದ ಮಾತ್ರಕ್ಕೆ ದಾರಿ ನಿರ್ಮಾಣವಾಗುವುದಿಲ್ಲ. 2024ರಲ್ಲಿ ನೀಟ್‌ಗೆ ಹೆಸರು ನೋಂದಾಯಿಸಿದವರು ಸುಮಾರು 24 ಲಕ್ಷ. ಕೋಚಿಂಗ್ ಕೇಂದ್ರಗಳಲ್ಲಿ ಹಗಲಿರುಳು ಓದಿದ ಹುಡುಗರೊಂದಿಗೆ, ರಾತ್ರಿ ಪಾಳಿ ಮುಗಿಸಿ ಬಂದ ದಾದಿ ಸ್ಪರ್ಧಿಸಬೇಕು. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ, ಔಷಧಶಾಸ್ತ್ರಗಳನ್ನು ಅವಳು ಓದಿ ಪಾಸಾಗಿರುತ್ತಾಳೆ. ಅದಕ್ಕೆ ಒಂದೇ ಒಂದು ಅಂಕವಿಲ್ಲ.

ಇಲ್ಲಿ ಸರಕಾರದ ಇಬ್ಬಂದಿತನವನ್ನು ಗಮನಿಸಬೇಕು. ಡಿಪ್ಲೊಮಾ ಮುಗಿಸಿದವನಿಗೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಸರಕಾರಿ ಸೇವೆಯಲ್ಲಿರುವ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಪ್ರತ್ಯೇಕ ಪಾಲು ನೀಡುವ ಅಧಿಕಾರ ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. ಅಷ್ಟೇ ಏಕೆ, 2018ರಿಂದೀಚೆಗೆ ಗ್ರಾಮೀಣ ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದವರನ್ನೇ ಆರು ತಿಂಗಳ ತರಬೇತಿ ನೀಡಿ ಸಮುದಾಯ ಆರೋಗ್ಯ ಅಧಿಕಾರಿಗಳನ್ನಾಗಿ ನೇಮಿಸಲಾಗುತ್ತಿದೆ. ಬಡವನ ರಕ್ತದೊತ್ತಡ ನೋಡಿ ಮಾತ್ರೆ ಕೊಡುವಾಗ ದಾದಿ ನಂಬಿಕೆಗೆ ಅರ್ಹಳು. ಅದೇ ದಾದಿ ವೈದ್ಯಕೀಯ ಕಾಲೇಜಿನ ಬಾಗಿಲಿಗೆ ಬಂದರೆ ಅವಳ ಸೇವೆ ಶೂನ್ಯ. ಇದಾವ ನ್ಯಾಯ?

ವೈದ್ಯರ ಪ್ರಮಾಣ ಕುಸಿಯುತ್ತದೆ, ಅರೆಬರೆ ವೈದ್ಯರು ಹುಟ್ಟಿಕೊಳ್ಳುತ್ತಾರೆ ಎಂದು ಕೆಲವರು ಆಕ್ಷೇಪಿಸಬಹುದು. ಅಡ್ಡದಾರಿಯನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ನಾಲ್ಕೂವರೆ ವರ್ಷಗಳ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್, ಎಲ್ಲ ಪರೀಕ್ಷೆಗಳು ಹಾಗೆಯೇ ಇರಲಿ. ವಯಸ್ಸಾದವರಿಗೆ ಸೀಟು ಕೊಟ್ಟರೆ ವ್ಯರ್ಥ ಎಂಬ ವಾದವೂ ನಿಲ್ಲುವುದಿಲ್ಲ. ಮೂವತ್ತಕ್ಕೆ ಸೇರಿದವಳು ಮೂವತ್ತಾರರೊಳಗೆ ವೈದ್ಯೆಯಾಗುತ್ತಾಳೆ. ಅರುವತ್ತಕ್ಕೆ ನಿವೃತ್ತಳಾದರೂ 24 ವರ್ಷಗಳ ಸೇವೆ ಸಮಾಜಕ್ಕೆ ದಕ್ಕುತ್ತದೆ. ಇಪ್ಪತ್ತೈದಕ್ಕೆ ಪದವಿ ಪಡೆದು ವಿದೇಶಕ್ಕೆ ಹಾರುವವನಿಂದ ದಕ್ಕುವುದೆಷ್ಟು?

ಹಾಗಾದರೆ ದಾದಿಯರ ಕೊರತೆಯಾಗದೇ ಎಂಬುದು ಇನ್ನೊಂದು ಪ್ರಶ್ನೆ. ದಾದಿಯರನ್ನು ಉಳಿಸಿಕೊಳ್ಳಬೇಕಾದುದು ಬಾಗಿಲು ಮುಚ್ಚುವ ಮೂಲಕವಲ್ಲ, ಯೋಗ್ಯ ವೇತನದ ಮೂಲಕ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ನಮ್ಮ ಪಟ್ಟಣಗಳ ಎಷ್ಟು ನರ್ಸಿಂಗ್ ಹೋಮ್‌ಗಳು ಅದನ್ನು ಪಾಲಿಸುತ್ತಿವೆ?

ದಾದಿಯ ಕಣ್ಣಿಗೆ ವೈದ್ಯರ ಅಧಿಕಾರ ಸೇರಿದರೆ ಏನಾಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಸಿಸಿಲಿ ಸಾಂಡರ್ಸ್ ಸಾಕ್ಷಿ. ಎರಡನೇ ಮಹಾಯುದ್ಧದ ಕಾಲದಲ್ಲಿ ದಾದಿಯಾಗಿದ್ದ ಆಕೆ ಬೆನ್ನುನೋವಿನಿಂದಾಗಿ ಆ ವೃತ್ತಿ ತೊರೆದು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ಸಾವಿನಂಚಿನ ರೋಗಿಗಳಿಗೆ ನೋವು ಮರುಕಳಿಸುವ ಮುನ್ನವೇ ನಿಗದಿತ ವೇಳೆಗೆ ಮಾರ್ಫಿನ್ ನೀಡಿದರೆ ಅವರು ನೆಮ್ಮದಿಯಿಂದಿರುತ್ತಾರೆ ಎಂಬುದನ್ನು ಸ್ವಯಂಸೇವಕ ದಾದಿಯಾಗಿ ಕಂಡರು. ಆದರೆ ವೈದ್ಯಳಲ್ಲದವಳ ಮಾತನ್ನು ಯಾರು ಕೇಳುತ್ತಾರೆ? ವೈದ್ಯಕೀಯ ಓದುವಂತೆ ಸರ್ಜನ್ ನಾರ್ಮನ್ ಬ್ಯಾರೆಟ್ ಸಲಹೆಯಿತ್ತರು. 1951ರಲ್ಲಿ ತಮ್ಮ ಮೂವತ್ತಮೂರನೇ ವಯಸ್ಸಿನಲ್ಲಿ ಕಾಲೇಜು ಸೇರಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್, ಮರಣಾಸನ್ನರ ಆರೈಕೆಯ ಸ್ವರೂಪವನ್ನೇ ಬದಲಿಸಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭಗೊಂಡು ಕೇರಳದಾದ್ಯಂತ ಹಬ್ಬಿದ ಪಾಲಿಯೇಟಿವ್ ಕೇರ್ ಆಂದೋಲನವೂ ಅದೇ ಚಿಂತನೆಯ ಕವಲು. ವಯಸ್ಸಾಯಿತೆಂದು ಅಂದು ಸಾಂಡರ್ಸ್‌ರನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಆದ್ದರಿಂದ ರಾಜ್ಯ ಸರಕಾರವು ಮೂರು ಕಾರ್ಯಗಳಿಗೆ ಮುಂದಾಗಬೇಕು. ನಿರ್ದಿಷ್ಟ ವರ್ಷಗಳ ಸೇವೆ ಸಲ್ಲಿಸಿ ನೀಟ್‌ನಲ್ಲಿ ಅರ್ಹತೆ ಪಡೆದ ದಾದಿಯರಿಗೆ ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಕೆಲವಾದರೂ ಸೀಟುಗಳನ್ನು ಮೀಸಲಿಡಲು ಆಯೋಗವನ್ನು ಒತ್ತಾಯಿಸಬೇಕು. ಸರಕಾರಿ ದಾದಿಯರಿಗೆ ಹುದ್ದೆ ಕಳೆದುಕೊಳ್ಳದೆ ಓದಲು ರಜೆ ನೀಡಬೇಕು. ವಯಸ್ಸಿನ ನೆಪವೊಡ್ಡದೆ ಶಿಕ್ಷಣ ಸಾಲ ಮತ್ತು ವಿದ್ಯಾರ್ಥಿವೇತನಗಳನ್ನು ಒದಗಿಸಬೇಕು.

ಸರಕಾರವನ್ನು ಮಾತ್ರ ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮನೆಯ ಹೆಣ್ಣಿನ ಹೆರಿಗೆಗೆ ವೈದ್ಯೆಯೇ ಬೇಕೆಂದು ಊರೂರು ಅಲೆಯುವ ನಮ್ಮ ಕುಟುಂಬಗಳು, ಅದೇ ಮನೆಯ ದಾದಿ ಮಗಳು ಅಥವಾ ಸೊಸೆ ವೈದ್ಯೆಯಾಗಬಯಸಿದರೆ 'ಇನ್ನೇಕೆ ಓದು?' ಎನ್ನುತ್ತವೆ. ಮದುವೆಯ ಒಂದು ದಿನದ ಆಡಂಬರಕ್ಕೆ ಸಾಲ ಮಾಡಲು ಹಿಂಜರಿಯದವರು ಅವಳ ಓದಿನ ಸಾಲಕ್ಕೆ ಹೆದರುತ್ತಾರೆ. ಎಲ್ಲ ದಾದಿಯರೂ ವೈದ್ಯೆಯರಾಗಬೇಕಿಲ್ಲ, ಶುಶ್ರೂಷೆ ಸ್ವತಃ ಘನವಾದ ವೃತ್ತಿ. ಆದರೆ ಆಗಬಯಸುವವಳನ್ನು ತಡೆಯಲು ನಮಗೆ ಯಾವ ಹಕ್ಕೂ ಇಲ್ಲ. ಅವಳ ಮಗುವನ್ನು ನೋಡಿಕೊಳ್ಳುವ ಅತ್ತೆ, ಅಡುಗೆಮನೆಗೆ ಹೆಗಲು ಕೊಡುವ ಗಂಡ, ಕಾಲೇಜಿನ ಶುಲ್ಕಕ್ಕೆ ಮುಂದಾಗುವ ಸಹೋದರ, ಇವರು ಮುಂದಿನ ವೈದ್ಯೆಯನ್ನು ರೂಪಿಸಬಲ್ಲರು. ಆ ಹೊಣೆಯನ್ನು ಹೊರಲು ನಾವು ಸಿದ್ಧರಿದ್ದೇವೆಯೇ?